ಟ್ರೆಮ್-2 ಗ್ರಾಹಕದ ಪೂರ್ವೇತಿಹಾಸ

ಆಲ್ಜೈಮರ್ ರೋಗಕ್ಕೂ ಟ್ರೆಮ್-2 ಎಂಬ ಪ್ರೋಟೀನಿಗೂ ಇರುವ ಸಂಬಂಧವನ್ನು ವಿವರಿಸುವವರು ಸಾಮಾನ್ಯವಾಗಿ 2012ನೆಯ ಇಸವಿಯಿಂದ ಆರಂಭಿಸುವರು. ಆ ವರ್ಷ ಎರಡು ಸಂಶೋಧಕ ತಂಡಗಳು, ಅವುಗಳಲ್ಲಿ ಒಂದು ಐಸ್‌ಲೆಂಡಿನದು, ಈ ಪ್ರೋಟೀನಿನ 47ನೆಯ ಸ್ಥಾನದಲ್ಲಿ ಆರ್ಜಿನೀನಿಗೆ ಬದಲಾಗಿ ಹಿಸ್ಟಿಡೀನ್ ಉಳ್ಳವರಿಗೆ ರೋಗದ ಸಂಭವವು ಸುಮಾರು ಮೂರು ಪಟ್ಟು ಅಧಿಕವೆಂದು ಪ್ರಕಟಿಸಿದುದು ನಿಜ. ಆದರೆ ಈ ವೃತ್ತಾಂತವು ಮೊದಲಾದುದು ಮೂಳೆಯ ಬೇನೆಯೊಂದರಿಂದ ಎಂಬುದನ್ನು ನಾವು ಇಲ್ಲಿ ತೋರಿಸಬಯಸುತ್ತೇವೆ.

1970ರ ದಶಕದ ಆದಿಯಲ್ಲಿ ಫಿನ್ಲೆಂಡಿನ ಮನೋವೈದ್ಯ ಹಾಕೋಲಾ, ಜಪಾನಿನ ನಾಸು, ತಮ್ಮ ತಮ್ಮ ದೇಶಗಳಲ್ಲಿ ಒಂದು ವಿರಳ ವ್ಯಾಧಿಯನ್ನು ವರ್ಣಿಸಿದರು. ತಾರುಣ್ಯದಲ್ಲಿ ಮಣಿಕಟ್ಟು, ಕಣಕಾಲುಗಳ ಮೂಳೆಗಳು ಟೊಳ್ಳಾಗಿ ಅಲ್ಪ ಪೆಟ್ಟಿಗೂ ಮುರಿಯುವುವು. ಮೂವತ್ತು ದಾಟಿದ ಮೇಲೆ ನಡತೆ ಕೆಟ್ಟು ಬುದ್ಧಿ ಮಾಸುವುದು. ಐವತ್ತರ ಸುಮಾರಿಗೆ ಮರಣ. ತಾಯಿ ತಂದೆಗಳಿಬ್ಬರಿಂದಲೂ ದೋಷಯುಕ್ತ ಜೀನ್ ಬಂದವರಿಗೆ ಮಾತ್ರ ಇದು ಪ್ರಾಪ್ತವಾಗುತ್ತದೆ. ಮೂಳೆಗೂ ಮಿದುಳಿಗೂ ಏನು ನಂಟು? ಇದಕ್ಕೆ ಉತ್ತರ ದೊರೆಯಲು ಸುಮಾರು ಮೂವತ್ತು ವರ್ಷಗಳೇ ಬೇಕಾದುವು.

2000ದಲ್ಲಿ ಲೀನಾ ಪೆಲ್ಟೋನೆನ್ ಅವರ ಬಳಗವು ಫಿನ್ನಿಷ್ ಕುಟುಂಬಗಳಲ್ಲಿ ಡ್ಯಾಪ್-12 ಎಂಬ ಪ್ರೋಟೀನಿನ ಜೀನ್ ಕೆಟ್ಟಿರುವುದನ್ನು ಕಂಡಿತು. ಆದರೆ ಇದೇ ವ್ಯಾಧಿಯ ಬೇರೆ ಕೆಲವು ಕುಟುಂಬಗಳಲ್ಲಿ ಆ ಜೀನ್ ನೆಟ್ಟಗೇ ಇದ್ದಿತು! 2002ರಲ್ಲಿ ಅವರಲ್ಲಿ ಟ್ರೆಮ್-2ರ ದೋಷ ಸಿಕ್ಕಿತು. ಟ್ರೆಮ್-2 ಜೀವಕೋಶದ ಮೇಲ್ಮೈಯಲ್ಲಿದ್ದು ಹೊರಗಿನ ಮೇದಸ್ಸು ಮೊದಲಾದುವನ್ನು ಗುರುತಿಸುವುದು. ಒಳಕ್ಕೆ ಸುದ್ದಿ ಮುಟ್ಟಿಸುವ ಶಕ್ತಿ ಅದಕ್ಕೆ ಸ್ವತಃ ಇಲ್ಲ, ಡ್ಯಾಪ್-12ರ ಮೂಲಕವೇ ಮುಟ್ಟಿಸಬೇಕು. ಇಬ್ಬರಲ್ಲಿ ಯಾರು ಕೆಟ್ಟರೂ ಕಾರ್ಯ ಕೆಡುವುದು ಸಹಜವೇ. ಮೂಳೆಯನ್ನು ಕರಗಿಸಿ ನವೀಕರಿಸುವ ಕೋಶಗಳೂ ಮಿದುಳಿನ ಮೈಕ್ರೋಗ್ಲಿಯ ಕೋಶಗಳೂ ಭಕ್ಷಕಕೋಶಗಳ ದಾಯಾದಿಗಳು; ಎರಡರಲ್ಲಿಯೂ ಈ ಜೋಡಿಯುಂಟು.

ಮೈಕ್ರೋಗ್ಲಿಯವನ್ನು ಸ್ಪೇನಿನ ರಿಯೋ ಓರ್ತೇಗ 1919ರಲ್ಲಿಯೇ ಪ್ರತ್ಯೇಕಿಸಿ ಹೆಸರಿಸಿದ್ದನು. ಅದಕ್ಕೂ ಮುಂಚೆ, 1907ರ ತನ್ನ ಲೇಖನದಲ್ಲಿ ಆಲ್ಜೈಮರನು ನರಕೋಶಗಳ ಸುತ್ತಣ ಗ್ಲಿಯದ ವಿಕಾರಗಳನ್ನು ಗುರುತಿಸಿದ್ದನು. ಮುಂದಿನವರು ಅವನು ಕಂಡ ತಂತುಗಂಟುಗಳನ್ನೂ ಮಚ್ಚೆಗಳನ್ನೂ ಹಿಡಿದುಕೊಂಡು ಗ್ಲಿಯವನ್ನು ಬಹುಕಾಲ ಕಡೆಗಣಿಸಿದರು. ಗ್ರೀಕಿನಲ್ಲಿ ಅಂಟು ಎಂದಷ್ಟೇ ಅರ್ಥವುಳ್ಳ ಆ ಹೆಸರೂ ಈ ಉದಾಸೀನಕ್ಕೆ ಕಾರಣವಾಯಿತೆಂದು ನಮಗೆ ತೋರುತ್ತದೆ.

2012ರ ತರುವಾಯ ಇಲಿಗಳಲ್ಲಿ ನಡೆದ ಪ್ರಯೋಗಗಳಿಂದ, ಟ್ರೆಮ್-2 ಇಲ್ಲದ ಮೈಕ್ರೋಗ್ಲಿಯ ಕೋಶಗಳು ಮಚ್ಚೆಗಳನ್ನು ಸುತ್ತುವರಿಯಲಾರವೆಂದು ತಿಳಿದುಬಂದಿತು. ಹಾಗಾದರೆ ಗ್ರಾಹಕವನ್ನು ಉದ್ದೀಪಿಸಿದರೆ ಗುಣವಾದೀತೇ? ಆ ಉದ್ದೇಶದ ಪ್ರತಿಕಾಯವೊಂದನ್ನು ರೋಗದ ಆರಂಭಾವಸ್ಥೆಯಲ್ಲಿದ್ದವರಿಗೆ ಕೊಟ್ಟು ನೋಡಲಾಯಿತು; ಅದು ರೋಗದ ಗತಿಯನ್ನು ತಗ್ಗಿಸಲಿಲ್ಲವೆಂದು 2024ರ ನವೆಂಬರಿನಲ್ಲಿ ಪ್ರಕಟವಾಯಿತು.