ಹೇರಿಗೆ ಇಷ್ಟು ಎಲೆ

ನಮ್ಮಪ್ಪ ಶಿರಾಳಕೊಪ್ಪದ ಸಂತೆಯಲ್ಲಿ ವೀಳ್ಯದೆಲೆ ಮಾರುತ್ತಿದ್ದರು. ಒದ್ದೆ ಗೋಣಿತಾಟು ಹಾಸಿ ಕೂತರೆಂದರೆ ಸಂಜೆಯವರೆಗೂ ಎಲೆಗೆ ನೀರು ಚಿಮುಕಿಸುವುದು, ಗಿರಾಕಿಯ ಜೊತೆ ಮಾತಾಡುತ್ತಲೇ ಲೆಕ್ಕ ತಪ್ಪದೆ ಎಣಿಸುವುದು, ಬಾಳೆನಾರಿನಲ್ಲಿ ಕಟ್ಟುವುದು. ಸುಂಕದ ಚೀಟಿ ಹರಿಯುವವನು ಬಂದಾಗ ಮಾತ್ರ ಮುಖ ಸಣ್ಣದಾಗುತ್ತಿತ್ತು. "ಮಳೆ ಹೊಡೆದು ಅರ್ಧ ಎಲೆ ಕೊಳೆತೈತಿ ಮಾರಾಯ" ಎನ್ನುವರು. ಅವನು ಚೀಟಿ ಹರಿದೇಬಿಡುವನು. "ಸುಂಕದವನ ಮುಂದೆ ಸುಖದುಃಖ ಹೇಳ್ಕಂಡಂಗಾತು" ಎಂದು ಗೊಣಗುತ್ತ ಸೊಂಟದ ಚೀಲ ಬಿಚ್ಚುವರು.

ಅದೇ ಅಪ್ಪ ಪ್ರತಿ ಸಂತೆಯಲ್ಲೂ ಮೊದಲ ಕಟ್ಟನ್ನು ಗುಡಿಗೆಂದು ಎತ್ತಿಡುತ್ತಿದ್ದರು. ಅದಕ್ಕೆ ಚೀಟಿಯಿಲ್ಲ, ಗೊಣಗಾಟವೂ ಇಲ್ಲ.

ಗೊಣಗುತ್ತ ಸುಂಕ ಕೊಡುವ, ಗೊಣಗದೆ ಗುಡಿಗೆ ಎತ್ತಿಡುವ ಈ ಎರಡು ಕೈಗಳ ಗುಟ್ಟು ನನಗೆ ತಿಳಿದದ್ದು ಪಕ್ಕದ ಬಳ್ಳಿಗಾವೆಯಲ್ಲಿ. ಇಂದು ಅದು ಸಣ್ಣ ಹಳ್ಳಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾಸಿರದ ರಾಜಧಾನಿ. ಕೇದಾರೇಶ್ವರನ ಗುಡಿಯ ಸುತ್ತಮುತ್ತ ಸಿಕ್ಕ ಕಲ್ಲುಗಳ ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡುವ ಹಸು. ಕೆಳಗೆ ಸಾಲುಸಾಲು ಹಳಗನ್ನಡ. ಈ ಸೀಮೆಯ 11ನೇ ಶತಮಾನದ ಶಾಸನವೊಂದು ಅಯ್ಯಾವೊಳೆಯ ಐನೂರ್ವರನ್ನು ಬಾಯ್ತುಂಬ ಹೊಗಳುತ್ತದೆ. ಅಯ್ಯಾವೊಳೆಯೆಂದರೆ ಮಲಪ್ರಭೆಯ ದಂಡೆಯ ಐಹೊಳೆ. ಐನೂರು ಎಂಬುದು ತಲೆಯೆಣಿಕೆಯಲ್ಲ, ವರ್ತಕರ ಸಂಘದ ಹೆಸರು. ಚೇರ, ಚೋಳ, ಪಾಂಡ್ಯ, ಮಗಧ, ಸೌರಾಷ್ಟ್ರ ತಿರುಗಿದವರು. ಆನೆ, ಕುದುರೆ, ಮುತ್ತು, ಮಾಣಿಕ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿ ಮಾರುವವರು. ಕೆಲವರು ಸಗಟು, ಕೆಲವರು ಹೆಗಲ ಮೇಲೆ ಹೊತ್ತು. ಸುಂಕ ತಪ್ಪಿಸದೆ ದೊರೆಯ ಹೊನ್ನಿನ ಭಂಡಾರವನ್ನೂ ಆಯುಧಶಾಲೆಯನ್ನೂ ತುಂಬುವವರು ಎಂದೂ ಇದೆ. ಅದನ್ನು ಓದಿ ಹೇಳಿದಾಗ ಅಪ್ಪ ಬಿದ್ದು ಬಿದ್ದು ನಕ್ಕಿದ್ದರು.

ನನ್ನ ಕಣ್ಣು ನಿಂತದ್ದು ಹೊಗಳಿಕೆಯ ಮೇಲಲ್ಲ, ದತ್ತಿಯ ಸಾಲುಗಳ ಮೇಲೆ. ಆ ಕಾಲದ ದತ್ತಿ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು: ಎಲೆಯ ಹೇರಿಗೆ ಇಷ್ಟು ಎಲೆ, ಅಡಕೆಯ ಹೇರಿಗೆ ಇಷ್ಟು ಅಡಕೆ, ಗಾಣಕ್ಕೆ ಒಂದು ಸೊಲ್ಲಿಗೆ ಎಣ್ಣೆ. ಅರಸ ವಿಧಿಸುವ ಹೆಜ್ಜುಂಕ, ವಡ್ಡರಾವುಳದಂಥ ಸುಂಕಗಳೇ ಬೇರೆ. ಇದು ನಕರ, ನಾನಾದೇಶಿ ಎಂಬ ವರ್ತಕ ಕೂಟಗಳು, ಗಾಣದ ತೆಲ್ಲಿಗರ ಐವತ್ತೊಕ್ಕಲು ಸೇರಿ ಕೂತು, ನಂದಾದೀಪಕ್ಕೆಂದೋ ಛತ್ರಕ್ಕೆಂದೋ ತಮ್ಮ ಮೇಲೆ ತಾವೇ ಹಾಕಿಕೊಂಡದ್ದು.

ವರ್ತಕರು ದೊಡ್ಡವರಾದದ್ದು ಗಳಿಕೆಯಿಂದ ಎನ್ನುತ್ತೇವೆ. ಎಲೆ ಮಾರುವವನ ಮಗನಾದ ನನಗೆ ಅದು ಅರ್ಧ ಮಾತು ಅನಿಸುತ್ತದೆ. ಒಬ್ಬೊಬ್ಬನ ಗಂಟು ಕಳ್ಳರ ಪಾಲಾಗಬಹುದು, ದೊರೆಯ ಪಾಲಾಗಬಹುದು. ಹತ್ತು ಊರಿನವರು ಕೂತು ದರ ಗೊತ್ತುಮಾಡಿ, ವಸೂಲಿಮಾಡಿ, ಕಲ್ಲಿನಲ್ಲಿ ಕೊರೆಸಿದರೆ ಅದು ಸಣ್ಣದೊಂದು ಆಡಳಿತವೇ. ದೊರೆಗಳು ಇದನ್ನು ಬಲ್ಲರು. ಸಂತೆ, ಪೇಟೆಗಳ ಯಜಮಾನಿಕೆ ಇದ್ದವನಿಗೆ ಪಟ್ಟಣಸ್ವಾಮಿ ಎಂಬ ಬಿರುದು. ಹುಂಚದ ಸಾಂತರ ಅರಸರ ಕಾಲದಲ್ಲಿ ಆ ಬಿರುದು ಹೊತ್ತ ನೊಕ್ಕಯ್ಯ ಸೆಟ್ಟಿ ಕಟ್ಟಿಸಿದ ಪಟ್ಟಣಸ್ವಾಮಿ ಜಿನಾಲಯದ ಸುದ್ದಿ 1062ರ ಶಾಸನದಲ್ಲಿದೆ. ಅರಸರೂ ಅವರ ರಾಣಿಯರೂ ಬಸದಿ ಕಟ್ಟಿಸುತ್ತಿದ್ದ ಊರಲ್ಲಿ ಸೆಟ್ಟಿಯೊಬ್ಬ ಅವರ ಸಾಲಿಗೆ ಬಂದು ನಿಂತ.

ಹೀಗೆ ಕೂಡಿ ಕೂತು ದರ ಗೊತ್ತುಮಾಡುವ ರೂಢಿ ಕಡಲನ್ನೂ ದಾಟಿತು. ಸುಮಾತ್ರದ ಬರೂಸ್ ರೇವಿನಲ್ಲಿ 1088ರ ತಮಿಳು ಶಾಸನವೊಂದು ಸಿಕ್ಕಿದೆ. ಐನೂರ್ವರು ಅಲ್ಲಿಯೂ ಸಭೆ ಕೂಡಿ, ಬರುವ ಹಡಗಿನವರು ಕಸ್ತೂರಿಯ ಬೆಲೆಯ ಲೆಕ್ಕದಲ್ಲಿ ಇಷ್ಟು ಚಿನ್ನ ಕೊಡತಕ್ಕದ್ದೆಂದು ಗೊತ್ತುಮಾಡಿದ್ದಾರೆ. ಮಾತು ತಮಿಳು, ನೆಲ ಪರದೇಶ, ಲೆಕ್ಕ ಮಾತ್ರ ನಮ್ಮ ಎಲೆಯ ಹೇರಿನದೇ.

ಇದೆಲ್ಲ ಬರೀ ಔದಾರ್ಯ ಎಂದರೆ ಅಪ್ಪ ಒಪ್ಪುತ್ತಿರಲಿಲ್ಲ. "ಎತ್ತಿಡದೇ ಹೋದ್ರೆ ಏನಾಗ್ತಿತ್ತಪ್ಪಾ?" ಎಂದು ಒಮ್ಮೆ ಕೇಳಿದ್ದೆ. "ಏನೂ ಆಗ್ತಿರಲಿಲ್ಲ. ಪಕ್ಕದ ತಾಟಿನವ ನೋಡ್ತಿದ್ದ, ಅಷ್ಟೇ" ಎಂದರು.

ದತ್ತಿಗೆ ತಪ್ಪಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ ಎಂದು ಶಾಸನಗಳು ಶಪಿಸುತ್ತವೆ. ಕಲ್ಲಿನ ನೆತ್ತಿಯ ಹಸು ಅದಕ್ಕೆ ಸಾಕ್ಷಿಯೆಂಬಂತೆ ನಿಂತಿರುತ್ತದೆ. ಅಪ್ಪನ ಸಾಲಿನಲ್ಲಿ ಆ ಕೆಲಸವನ್ನು ಪಕ್ಕದ ತಾಟಿನವನೇ ಮಾಡುತ್ತಿದ್ದ.