ಗುರಿ ಮುಟ್ಟುವ ಮೊದಲೇ ನಿಂತ ಗಣನೆ

ಗಾಳಿಯಲ್ಲಿ ದೂಳು ಹೆಚ್ಚಿದಾಗ ಸಾವುಗಳೂ ಹೆಚ್ಚುತ್ತವೆಯೇ? ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ತಂಡವೊಂದು 90 ನಗರಗಳ ದಾಖಲೆಗಳನ್ನು ಜಾಲಾಡಿ ಇದಕ್ಕೆ ಉತ್ತರ ಕೊಟ್ಟಿತ್ತು. 10 ಮೈಕ್ರಾನ್‌ಗಿಂತ ಚಿಕ್ಕ ಕಣಗಳು ಘನ ಮೀಟರಿಗೆ 10 ಮೈಕ್ರೋಗ್ರಾಂನಷ್ಟು ಹೆಚ್ಚಾದರೆ ದಿನದ ಸಾವುಗಳು ಶೇಕಡಾ 0.41ರಷ್ಟು ಏರುತ್ತವೆ ಎಂದು. ಸಂಖ್ಯೆ ಅಲ್ಪವೆನಿಸಬಹುದು. ಆದರೆ ಇದು ಕೋಟಿಗಟ್ಟಲೆ ಜನ ನಿತ್ಯ ಉಸಿರಾಡುವ ಗಾಳಿಯ ವಿಷಯ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ವಾಯು ಗುಣಮಟ್ಟದ ಮಿತಿಗಳನ್ನು ಪರಿಶೀಲಿಸುತ್ತಿದ್ದಾಗ ಈ ಅಂಕಿಯೂ ಅದರ ಮುಂದಿತ್ತು.

2002ರಲ್ಲಿ ಅದೇ ತಂಡದ ಫ್ರಾನ್ಸೆಸ್ಕಾ ಡೊಮಿನಿಚಿ ಮತ್ತು ಸಂಗಡಿಗರು ತಮ್ಮ ಅಂಕಿ ಸರಿಯಿಲ್ಲವೆಂದು ತಾವೇ ಪ್ರಕಟಿಸಿದರು. ದತ್ತಾಂಶದಲ್ಲಿ ದೋಷವಿರಲಿಲ್ಲ, ಗಣಕ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿತ್ತು.

ಅವರು ಬಳಸಿದ್ದು ಹೇಸ್ಟಿ ಮತ್ತು ಟಿಬ್‌ಶಿರಾನಿ 1980ರ ದಶಕದಲ್ಲಿ ರೂಪಿಸಿದ ‘ಸಾರ್ವತ್ರಿಕ ಸಂಕಲನ ಮಾದರಿ’. ಇದಕ್ಕೆ ನೇರ ಸೂತ್ರದ ಉತ್ತರವಿಲ್ಲ. ಋತು, ಉಷ್ಣತೆ, ದೂಳು ಇವುಗಳ ಪರಿಣಾಮವನ್ನು ಸರದಿಯ ಮೇಲೆ ಅಂದಾಜು ಮಾಡಿ, ಮತ್ತೆ ಮೊದಲಿನಿಂದ ತಿದ್ದುತ್ತಾ ಸುತ್ತು ಹಾಕಬೇಕು. ಎರಡು ಸುತ್ತುಗಳ ನಡುವಿನ ವ್ಯತ್ಯಾಸ ಗೊತ್ತುಮಾಡಿದ ಮಿತಿಗಿಂತ ಕಡಿಮೆಯಾದರೆ ಉತ್ತರ ಅಭಿಸರಣಗೊಂಡಿತು, ಅಂದರೆ ಒಂದೆಡೆ ನೆಲೆ ನಿಂತಿತು ಎಂದರ್ಥ. ಎಸ್-ಪ್ಲಸ್ ತಂತ್ರಾಂಶದಲ್ಲಿ ತಾನಾಗಿ ಇದ್ದ ಮಿತಿ 0.001; ಸುತ್ತುಗಳು ಹೆಚ್ಚೆಂದರೆ 10.

ತೊಡಕಿರುವುದು ಇಲ್ಲೇ. ಹೆಜ್ಜೆ ಚಿಕ್ಕದಾಯಿತೆಂದರೆ ಗುರಿ ಹತ್ತಿರವಾಯಿತೆಂದಲ್ಲ. ಪ್ರತಿ ಸುತ್ತಿನಲ್ಲಿ ಉಳಿದ ದೂರದ ನೂರನೇ ಒಂದು ಭಾಗವನ್ನಷ್ಟೇ ಕ್ರಮಿಸುವ ಗಣನೆಯನ್ನು ಊಹಿಸಿಕೊಳ್ಳಿ. ಅದರ ಹೆಜ್ಜೆ 0.001ಕ್ಕೆ ಇಳಿದಾಗ ಗುರಿ ಇನ್ನೂ ಸುಮಾರು 0.1 ದೂರದಲ್ಲಿರುತ್ತದೆ, ಹೆಜ್ಜೆಯ ನೂರು ಪಟ್ಟು! ಋತು, ಹವೆ, ದೂಳು ಒಟ್ಟೊಟ್ಟಿಗೆ ಏರಿಳಿಯುವುದರಿಂದ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸುವ ಕೆಲಸ ಹೀಗೆಯೇ ತೆವಳುತ್ತದೆ. ಹುಡುಕುತ್ತಿದ್ದ ಪರಿಣಾಮವೋ ಬಲು ಸಣ್ಣದು. ಲೆಕ್ಕ ಪೂರ್ತಿ ಕೆಟ್ಟು ನಿಂತಿದ್ದರೆ ಒಳ್ಳೆಯದಿತ್ತು, ಯಾರಾದರೂ ವಿಚಾರಿಸುತ್ತಿದ್ದರು. ಮುಗಿಯಿತೆಂದು ಹೇಳಿ ನಿಂತದ್ದೇ ಅಪಾಯವಾಯಿತು.

ತಂಡ ಮಿತಿಯನ್ನು ದಶಮಾಂಶ ಬಿಂದುವಿನ ನಂತರ 14 ಸೊನ್ನೆಗಳಷ್ಟು ಬಿಗಿಗೊಳಿಸಿ, 1000 ಸುತ್ತುಗಳಿಗೆ ಅವಕಾಶ ಕೊಟ್ಟಿತು. ಶೇಕಡಾ 0.41 ಇದ್ದದ್ದು 0.27ಕ್ಕೆ ಇಳಿಯಿತು. ಎಲ್ಲ ಸಹಗುಣಕಗಳನ್ನೂ ಒಟ್ಟಿಗೇ ಬಿಡಿಸುವ ಇನ್ನೊಂದು ಮಾದರಿಯಲ್ಲಿ ಬಂದದ್ದು 0.21. ಹೆಚ್ಚುಕಡಿಮೆ ಅರ್ಧ. ಈ ನಡುವೆ ಕೆನಡಾದ ರಾಮ್ಸೆ, ಬರ್ನೆಟ್ ಮತ್ತು ಕ್ರೂಸ್ಕಿ, ಈ ತಂತ್ರಾಂಶ ಅಂದಾಜಿನ ಅನಿಶ್ಚಿತತೆಯನ್ನೂ ಕಡಿಮೆ ತೋರಿಸುತ್ತದೆಂದು ಕಂಡುಕೊಂಡರು. ಮಿತಿ ಬಿಗಿಗೊಳಿಸಿದರೂ ಆ ದೋಷ ಹೋಗುವುದಿಲ್ಲ.

ಇದೇ ವಿಧಾನ ಬಳಸಿದ್ದ ಬೇರೆ ಅಧ್ಯಯನಗಳನ್ನೂ ಮತ್ತೆ ಲೆಕ್ಕ ಹಾಕಬೇಕಾಯಿತು. ಆ ಫಲಿತಾಂಶಗಳನ್ನು ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ 2003ರಲ್ಲಿ ವಿಶೇಷ ವರದಿಯಾಗಿ ಹೊರತಂದಿತು. ದೂಳಿಗೂ ಸಾವಿಗೂ ಇರುವ ಸಂಬಂಧ ಕುಗ್ಗಿತು, ಮಾಯವಾಗಲಿಲ್ಲ. ವರ್ಷಗಟ್ಟಲೆ ಜನರನ್ನು ಹಿಂಬಾಲಿಸಿದ ದೀರ್ಘಾವಧಿ ಅಧ್ಯಯನಗಳು ಬೇರೆ ಮಾದರಿ ಬಳಸಿದ್ದರಿಂದ ಅವಕ್ಕೆ ಏಟು ಬೀಳಲಿಲ್ಲ. 2006ರಲ್ಲಿ ಅಮೆರಿಕ 2.5 ಮೈಕ್ರಾನ್‌ಗಿಂತ ಚಿಕ್ಕ ಕಣಗಳ 24 ಗಂಟೆಯ ಮಿತಿಯನ್ನು 65ರಿಂದ 35 ಮೈಕ್ರೋಗ್ರಾಂಗೆ ಇಳಿಸಿತು. ಹೇಸ್ಟಿಯವರೇ ‘ಆರ್’ ಗಣಕಭಾಷೆಗೆ ಬರೆದ ತಂತ್ರಾಂಶದಲ್ಲಿ ತಾನಾಗಿ ಇರುವ ಅಭಿಸರಣ ಮಿತಿ ಈಗ ಕೋಟಿಯಲ್ಲೊಂದು ಭಾಗ.