ಆರ್‌ಸಿ ಬುಕ್ಕಿನೊಳಗಿನ ಸಂಸಾರ

ನಮ್ಮ ಕಡೆ ಅರವತ್ತು ದಾಟಿದವರ ಹುಟ್ಟಿದ ದಿನ ಕೇಳಿ ನೋಡಿ, ಬಹಳ ಜನರ ಉತ್ತರ ಒಂದೇ: ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ. ಅದು ಹಳ್ಳಿಯ ಬಾಣಂತಿ ಕೋಣೆ ತನಕ ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಮದುವೆ ಯಾವಾಗ ಆಯಿತು ಅಂದರೂ ‘ಬರ ಬಿತ್ತಲ್ಲ, ಅದರ ಮುಂದಿನ ವರ್ಷ’ ಅನ್ನುವ ಲೆಕ್ಕ. ಆದರೆ ಅದೇ ಮನೆಯ ಟ್ರಂಕಿನ ತಳದಲ್ಲಿ, ಪಹಣಿ ಮತ್ತು ಹಳೇ ಲಗ್ನಪತ್ರಿಕೆಗಳ ನಡುವೆ, ಒಂದು ಆರ್‌ಸಿ ಬುಕ್ ಇರುತ್ತದೆ. ಅದರಲ್ಲಿ ದಿನ, ತಿಂಗಳು, ವರ್ಷ, ಎಂಜಿನ್ ನಂಬರ್, ಚಾಸಿ ನಂಬರ್, ಬಣ್ಣ, ಎಲ್ಲವೂ ಮಸಿಯಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಮನುಷ್ಯರಿಗಿಂತ ಗಾಡಿಯ ಜಾತಕವೇ ಗಟ್ಟಿ.

‘ಯೆಜ್ಡಿ ತಂದ ವರ್ಷಾನೇ ನಮ್ಮ ದೊಡ್ಡೋಳು ಹುಟ್ಟಿದ್ದು ನೋಡ್ರಿ’ ಅಂತ ಹೊನ್ನಾಳಿ ಹತ್ತಿರದ ಹಳ್ಳಿಯ ಯಜಮಾನರೊಬ್ಬರು ಹೇಳಿದ ಮೇಲೆ ನಾವು ಇದನ್ನು ಗಮನಿಸತೊಡಗಿದೆವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಸುದ್ದಿಗಾಗಿ ಸುತ್ತುವ ನಮಗೆ ಮನೆತನದ ಇತಿಹಾಸ ಕೇಳಲು ಇದಕ್ಕಿಂತ ಸುಲಭದ ದಾರಿ ಸಿಕ್ಕಿಲ್ಲ. ಇಸವಿ ಕೇಳಬಾರದು. ಮೊದಲ ರೇಡಿಯೊ ಯಾವುದು, ಮೊದಲ ಗಾಡಿ ಯಾವುದು, ಯಾರ ಮದುವೆಗೆ ಬಂತು ಅಂತ ಕೇಳಬೇಕು. ಉಳಿದಿದ್ದು ತಾನಾಗಿ ಬರುತ್ತದೆ.

ನಂಬರ್ ಪ್ಲೇಟ್ ಕೂಡ ಒಂದು ದಾಖಲೆಯೇ. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ಕ್ಕೆ. ಅಲ್ಲಿಯವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಹಾಗಾಗಿ ಚನ್ನಗಿರಿಯ ಕೊಟ್ಟಿಗೆಯೊಂದರಲ್ಲಿ ಕೆಎ-14 ಬರೆದ ಹಳೇ ಸ್ಕೂಟರ್ ಕಂಡರೆ ಅದು ಹೊರಗಿನದು ಅಂದುಕೊಳ್ಳಬೇಡಿ, ನಮ್ಮದೇ. ಮಗನ ಬೈಕಿನ ಮೇಲೆ ಕೆಎ-17 ಇರುತ್ತದೆ. ಅಜ್ಜನ ಗಾಡಿ ಇನ್ನೂ ಉಳಿದಿದ್ದರೆ ‘ಎಂವೈ’ ಅಂತ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್. ಮೂರು ತಲೆಮಾರು ಒಂದೇ ಮನೆಯಲ್ಲಿ ಬಾಳಿದರೂ ಪ್ಲೇಟುಗಳು ಮೂರು ಆಡಳಿತದವು. ನ್ಯಾಮತಿಯಂತೂ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕು ಆಗಿದ್ದೇ ಈಚೆಗೆ. ಅಲ್ಲಿಯ ಹಳೇ ಕಾಗದಗಳಲ್ಲೆಲ್ಲ ವಿಳಾಸ ‘ಹೊನ್ನಾಳಿ ತಾ., ಶಿವಮೊಗ್ಗ ಜಿಲ್ಲೆ’.

ಈ ಕಥೆಗೆ ಒಂದು ಇಸವಿ ಮುಖ್ಯ: 1961. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಶುರು ಮಾಡಿದ್ದು ಆ ವರ್ಷ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೋಟರ್‌ಸೈಕಲ್ ಹೊರಬರತೊಡಗಿದ್ದೂ ಆ ವರ್ಷ. ವರದಕ್ಷಿಣೆ ನಿಷೇಧ ಕಾಯ್ದೆ ಜಾರಿಗೆ ಬಂದದ್ದೂ 1961ರಲ್ಲೇ. ಮೂರರಲ್ಲಿ ಎರಡು ನಮ್ಮ ಹಳ್ಳಿಗಳಿಗೆ ಬೇಗ ತಲುಪಿದವು. ಮೂರನೆಯದು ಯಾವುದೆಂದು ಹೇಳಬೇಕಿಲ್ಲ.

ವಾಚು, ಉಂಗುರ, ಸೂಟು. ವರನಿಗೆ ಹೆಣ್ಣಿನ ಕಡೆಯವರು ಕೊಡಬೇಕಾದ್ದರ ಪಟ್ಟಿ ಹೀಗೆ ಶುರುವಾಗುತ್ತಿತ್ತು. ಜನತಾ ಅನ್ನುವ ಮಾದರಿ ಬಡವರಿಗೂ ಎಟುಕಿತು. ಸ್ಥಿತಿವಂತರು ಕಾಂಚನ ಕೊಡುತ್ತಿದ್ದರು. ಆಟೊಮ್ಯಾಟಿಕ್ ಆದ್ದರಿಂದ ಕೀಲಿ ಕೊಡುವ ಕೆಲಸವಿರಲಿಲ್ಲ, ಕೈ ಆಡಿದರೆ ಸಾಕು. ಜನತಾಕ್ಕೆ ದಿನಾ ಬೆಳಗ್ಗೆ ಕೀಲಿ ಕೊಡಬೇಕು. ಎಷ್ಟೋ ಮನೆಗಳಲ್ಲಿ ಮಾವ ಕೊಟ್ಟ ವಾಚಿಗೆ ಅಳಿಯ ಸಾಯುವ ತನಕ ಕೀಲಿ ಕೊಟ್ಟಿದ್ದಾನೆ, ಮಾವನ ಸಾಲ ತೀರಿತೋ ಇಲ್ಲವೋ ಕೇಳಿಲ್ಲ. ವಾಚು ಕೆಟ್ಟರೆ ಪೇಟೆ ಬೀದಿಯ ಗಾಜಿನ ಗೂಡಿನಂಥ ಅಂಗಡಿಯಲ್ಲಿ ಕಣ್ಣಿಗೆ ದುರ್ಬೀನು ಸಿಕ್ಕಿಸಿಕೊಂಡು ಕೂತವರು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಹನಿ ಎಣ್ಣೆ ಬಿಟ್ಟು ಕೊಡುತ್ತಿದ್ದರು. ಕ್ವಾರ್ಟ್ಜ್ ಬಂದ ಮೇಲೆ ಆ ಗೂಡುಗಳಲ್ಲಿ ಈಗ ಮೊಬೈಲ್ ಕವರ್ ನೇತಾಡುತ್ತಿವೆ. ಎಚ್‌ಎಂಟಿ ವಾಚ್ ವಿಭಾಗವೂ 2016ರ ಹೊತ್ತಿಗೆ ಬಾಗಿಲು ಹಾಕಿತು.

ರೇಡಿಯೊ ಬಂದ ಕಾಲವನ್ನು ಹಿಡಿಯಲು ಭದ್ರಾವತಿ ಸಹಾಯಕ್ಕೆ ಬರುತ್ತದೆ. ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ಚನ್ನಗಿರಿ, ಹೊನ್ನಾಳಿಗೆ ಅದು ಪಕ್ಕದ ಮನೆಯ ದನಿ. ಜಗಳೂರಿನವರು ಮಾತ್ರ ಮಾಳಿಗೆ ಮೇಲೆ ಎರಡು ಗಳ ನೆಟ್ಟು ತಂತಿ ಎಳೆದು, ಮುಳ್ಳನ್ನು ಕೂದಲೆಳೆಯಷ್ಟು ಅತ್ತಿತ್ತ ಮಾಡಿ ಕೇಳಬೇಕಿತ್ತು. ರೇಡಿಯೊ ಇಟ್ಟುಕೊಳ್ಳಲು ಆಗ ಲೈಸೆನ್ಸ್ ಬೇಕು. ಪೋಸ್ಟಾಫೀಸಿನಲ್ಲಿ ವರ್ಷ ವರ್ಷ ಹಣ ಕಟ್ಟಿ, ಪುಟ್ಟ ಪುಸ್ತಕಕ್ಕೆ ಸ್ಟಾಂಪು ಅಂಟಿಸಿ ಮುದ್ರೆ ಹಾಕಿಸಬೇಕು. ಎಂಬತ್ತರ ದಶಕದಲ್ಲಿ ಆ ಪದ್ಧತಿ ಹೋಯಿತು, ಪುಸ್ತಕಗಳು ಉಳಿದವು. ಅಂಥ ಒಂದು ಪುಸ್ತಕವನ್ನು ನಾವು ಜಗಳೂರು ಕಡೆ ನೋಡಿದೆವು. ಒಂದು ವರ್ಷದ ಮುದ್ರೆ ಇಲ್ಲ. ‘ಆ ವರ್ಷ ಅಪ್ಪ ತೀರಿಕೊಂಡ್ರು. ಸೂತಕದ ಮನ್ಯಾಗೆ ರೇಡಿಯೊ ಯಾರು ಹಾಕ್ತಾರೆ, ಕಟ್ಟಲಿಲ್ಲ’ ಅಂದರು ಮನೆಯವರು. ಸಾವಿನ ದಾಖಲೆ ಬೇರೆಲ್ಲೂ ಸಿಗದಿದ್ದರೆ ಆ ಖಾಲಿ ಜಾಗವೇ ಸಾಕ್ಷಿ.

ಸೆಲ್ ಮುಗಿಯಿತೆಂದರೆ ಎಸೆಯುತ್ತಿರಲಿಲ್ಲ. ಬಿಸಿಲಿಗೆ ಇಟ್ಟು ಇನ್ನೆರಡು ದಿನ ಓಡಿಸುವುದು. ಅದಕ್ಕೂ ಬಗ್ಗದಿದ್ದರೆ ಹೊರಗಿನಿಂದ ಇನ್ನೆರಡು ಸೆಲ್ಲನ್ನು ರಟ್ಟಿನ ಕೊಳವೆಯಲ್ಲಿ ತುಂಬಿ ದಾರ ಸುತ್ತಿ ತಂತಿ ಕೊಡುವುದು. ರಿಪೇರಿ ಅನ್ನುವ ವಿದ್ಯೆ ನಮ್ಮ ಹಳ್ಳಿಗಳಲ್ಲಿ ಶುರುವಾದದ್ದು ಇಲ್ಲಿಂದ. ಮುಂದೆ ಮೋಟರ್ ಬಿಚ್ಚಿದ ಕೈಗಳು ಮೊದಲು ಬಿಚ್ಚಿದ್ದು ರೇಡಿಯೊವನ್ನೇ.

ಜಾವಾ, 1973ರಿಂದ ಯೆಜ್ಡಿ. ಇದರ ಬಗ್ಗೆ ಮಾತು ತೆಗೆದರೆ ಯಜಮಾನರು ಕೂತಲ್ಲಿಂದ ಏಳುವುದಿಲ್ಲ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ ಆಗುತ್ತದೆ. ಗೊತ್ತಿಲ್ಲದವನು ಗಾಡಿ ಕದ್ದರೂ ಸ್ಟಾರ್ಟ್ ಮಾಡಲಾರ ಅನ್ನುವುದು ಆಗಿನ ತಮಾಷೆ. ಟೂ ಸ್ಟ್ರೋಕ್ ಎಂಜಿನ್, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿದು ನಿಲ್ಲುತ್ತದೆ, ಕಮ್ಮಿಯಾದರೆ ಪಿಸ್ಟನ್ ಕಚ್ಚುತ್ತದೆ. ಪ್ಲಗ್ ಬಿಚ್ಚಿ ಬೆಂಕಿಪೊಟ್ಟಣದ ಪಕ್ಕಕ್ಕೆ ಉಜ್ಜಿ ಮತ್ತೆ ಹಾಕುವುದನ್ನು ಸವಳಂಗದ ದಾರಿಯಲ್ಲಿ, ಸೂಳೆಕೆರೆ ಏರಿಯ ಮೇಲೆ ಮಾಡದ ಸವಾರನಿಲ್ಲ. ಪಾಯಿಂಟಿನ ಸಂದು ಅಳೆಯಲು ಗೇಜ್ ಇಲ್ಲ. ಸಿಗರೇಟ್ ಪ್ಯಾಕಿನ ರಟ್ಟು ಸಾಕು. ಸೈಲೆನ್ಸರ್ ಕಟ್ಟಿಕೊಂಡರೆ ಬಿಚ್ಚಿ ಸೌದೆ ಒಲೆಯಲ್ಲಿ ಸುಡುವುದು. ಅವ್ವ ಬೈಯುವುದು. ಹೊಗೆ, ವಾಸನೆ, ಸದ್ದು ಎಲ್ಲವೂ ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ಪರಿಸರದ ಲೆಕ್ಕದಲ್ಲಿ ಈ ಗಾಡಿಗಳನ್ನು ಸಮರ್ಥಿಸುವುದು ಕಷ್ಟ.

ಆದರೆ ಯಜಮಾನರು ಹೇಳದ ಒಂದು ಮಾತನ್ನು ಯಜಮಾನತಿಯರು ಒಳಗಿನಿಂದ ಹೇಳಿದರು. ‘ಗಾಡಿ ನಮ್ಮಪ್ಪ ಕೊಡಿಸಿದ್ದು. ಅದಕ್ಕೇ ಎರಡು ಎಕರೆ ಹೋತು.’ ವಾಚಿನ ಜಾಗಕ್ಕೆ ಎಪ್ಪತ್ತು, ಎಂಬತ್ತರ ದಶಕದಲ್ಲಿ ಬೈಕು ಬಂದಿತ್ತು. ಆರ್‌ಸಿ ಬುಕ್ಕಿನಲ್ಲಿ ಮಾಲೀಕನ ಹೆಸರಿದೆ, ಅವನ ತಂದೆಯ ಹೆಸರಿದೆ, ಸಾಲ ಕೊಟ್ಟಿದ್ದರೆ ಬ್ಯಾಂಕಿನ ಹೆಸರೂ ಇದೆ. ಹೊಲ ಮಾರಿದ ಮಾವನ ಹೆಸರು ಬರೆಯಲು ಕಾಲಮ್ಮೇ ಇಲ್ಲ. ಆ ಬುಕ್ಕಿನ ತಾರೀಖನ್ನೂ ಪಹಣಿಯಲ್ಲಿ ಹೆಸರು ಬದಲಾದ ತಾರೀಖನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಆ ಮದುವೆಯ ಪೂರ್ತಿ ಲೆಕ್ಕ ಸಿಗುತ್ತದೆ. ಯೆಜ್ಡಿ ಅಭಿಮಾನಿಗಳು ಬರೆಯುವ ನೆನಪುಗಳಲ್ಲಿ ಈ ಪುಟ ಕಾಣುವುದಿಲ್ಲ.

ಕಾರು ಊರಿಗೊಂದು ಇದ್ದರೆ ಹೆಚ್ಚು. ಅಂಬಾಸಿಡರ್, ಇಲ್ಲವಾದರೆ ಮಹೀಂದ್ರಾ ಜೀಪು. ಅಡಿಕೆ ಮಂಡಿಯವರದೋ ರೈಸ್ ಮಿಲ್ಲಿನವರದೋ ಆಗಿದ್ದರೂ ಬಳಕೆಯಲ್ಲಿ ಊರಿನದು. ಮದುಮಗನ ಮೆರವಣಿಗೆ ಅದರಲ್ಲಿ, ಹೆರಿಗೆ ನೋವು ಬಂದರೆ ದಾವಣಗೆರೆಗೋ ಶಿವಮೊಗ್ಗಕ್ಕೋ ಓಡುವುದು ಅದರಲ್ಲಿ, ಆಸ್ಪತ್ರೆಯಿಂದ ಹೆಣ ತರುವುದೂ ಅದರಲ್ಲೇ. ಮುಂದಿನ ಸೀಟು ಅಡ್ಡಡ್ಡ ಒಂದೇ ಬೆಂಚು, ಗೇರು ಸ್ಟೇರಿಂಗ್ ಪಕ್ಕದಲ್ಲಿ. ಒಟ್ಟಿಗೆ ಎಷ್ಟು ಜನ ಹತ್ತಬಹುದು ಅನ್ನುವುದಕ್ಕೆ ಮಿತಿಯೇ ಇರಲಿಲ್ಲ. ‘ನಾನು ಅಂಬಾಸಿಡರ್‌ನಾಗೇ ಹುಟ್ಟಿದ್ದು, ಹೊಳೆ ದಾಟೋದ್ರೊಳಗೆ’ ಅಂತ ಹೊನ್ನಾಳಿಯಲ್ಲಿ ಒಬ್ಬರು ನಮಗೆ ಹೇಳಿದ್ದಾರೆ. ಅವರ ದಾಖಲೆಯಲ್ಲಿ ಹುಟ್ಟಿದ್ದು ಜೂನ್ 1.

1957ರ ಸುಮಾರಿಗೆ ಬಂದ ಅಂಬಾಸಿಡರ್ 2014ರಲ್ಲಿ ನಿಂತಿತು. ಇಷ್ಟು ವರ್ಷ ಓಡಿದ್ದಕ್ಕೆ ಕಾರಣ ಅದರ ಗಟ್ಟಿತನ ಅನ್ನುತ್ತಾರೆ. ನಮ್ಮ ಅಂದಾಜಿನಲ್ಲಿ ಇನ್ನೊಂದು ಕಾರಣ ಹರಿಹರ. ಅಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮಾಡುತ್ತಿದ್ದುದು ಲೇತ್ ಯಂತ್ರಗಳನ್ನು. ಲೇತ್ ಕೆಲಸ ಗೊತ್ತಿದ್ದ ಕೈಗಳು ಹರಿಹರ, ದಾವಣಗೆರೆಯಲ್ಲಿ ತುಂಬಿದ್ದವು. ಕಂಪನಿ ಪಾರ್ಟ್ ಸಿಗದಿದ್ದರೆ ಮೆಕ್ಯಾನಿಕ್ ಸವೆದ ಬುಶ್ಶನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತುತ್ತಿದ್ದ. ಸಂಜೆ ವಾಪಸ್ ಬರುವಾಗ ಹೊಸ ಬುಶ್ ಕೈಯಲ್ಲಿ ಬಿಸಿಯಾಗಿಯೇ ಇರುತ್ತಿತ್ತು. ಪೆಟ್ರೋಲ್ ದುಬಾರಿಯಾದಾಗ ಅಂಬಾಸಿಡರಿಗೆ ಮೆಟಡಾರ್‌ನ ಡೀಸೆಲ್ ಎಂಜಿನ್ ಕೂರಿಸಿದವರಿದ್ದಾರೆ. ಜೀಪಿನ ಆಕ್ಸಲ್ ಟ್ರೇಲರ್‌ಗೆ ಹೋಯಿತು, ಟ್ರೇಲರ್ ಟಿಲ್ಲರ್ ಹಿಂದೆ ಹೋಯಿತು, ಭದ್ರಾ ನಾಲೆ ನೀರು ಬಂದ ಚನ್ನಗಿರಿ ಸೀಮೆಯಲ್ಲಿ ಅದೇ ಟಿಲ್ಲರ್ ಮೇಲೆ ಮದುವೆ ದಿಬ್ಬಣವೂ ಹೋಯಿತು. ಯಾವ ಗಾಡಿಯ ಯಾವ ಭಾಗ ಯಾವ ವರ್ಷದ್ದು ಅಂತ ಹೇಳುವುದೇ ಕಷ್ಟ. ಬದಲಾಯಿಸುತ್ತ ಹೋದದ್ದರಿಂದಲೇ ಅವು ಉಳಿದವು.

ಈಗ ತೊಂದರೆ ಬಂದಿರುವುದು ಇಲ್ಲೇ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡ ರೀತಿಯಲ್ಲಿ ಬದಲಾಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ದಿನಬಳಕೆಗೆ ರಸ್ತೆಗೆ ತರುವಂತಿಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ ತರಬಹುದು. ಬೆಂಗಳೂರು, ಮೈಸೂರಿನ ಸಂಗ್ರಾಹಕರಿಗೆ ಇದು ಅನುಕೂಲವೇ. ಆದರೆ ಜಗಳೂರಿನ ಹೊಲದ ದಾರಿಯಲ್ಲಿ ಈರುಳ್ಳಿ ಚೀಲ ಹೊತ್ತು ಓಡಿದ ಜಾವಾಕ್ಕೆ ಮೂಲ ರೂಪ ಎಲ್ಲಿಂದ ಬರಬೇಕು? ಅತ್ತ ಮಾಮೂಲಿ ದಾರಿಯೂ ಕಿರಿದಾಗಿದೆ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣಕ್ಕೆ 600 ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, ಬೈಕಿಗೆ 300 ಇದ್ದದ್ದು 1,000. ಗುಜರಿಯವನು ತೂಕದ ಮೇಲೆ ಕೊಡುವ ದುಡ್ಡನ್ನೂ ಈ ಶುಲ್ಕವನ್ನೂ ಎದುರುಬದುರು ಇಟ್ಟು ನೋಡಿದ ಮಗ ಏನು ತೀರ್ಮಾನ ಮಾಡುತ್ತಾನೆ ಅಂತ ಊಹಿಸಬಹುದು. ಹಳೇ ಗಾಡಿ ರಸ್ತೆಯಿಂದ ಇಳಿಯಬಾರದು ಅಂತ ನಾವು ಹೇಳುತ್ತಿಲ್ಲ. ಸಂಗ್ರಾಹಕನ ಶೆಡ್ಡಿನಲ್ಲಿ ಹೊಳೆಯುವುದು ಮಾತ್ರ ಪರಂಪರೆ, ದುಡಿದು ಸವೆದದ್ದು ಕಬ್ಬಿಣ ಅನ್ನುವ ಲೆಕ್ಕದ ಬಗ್ಗೆ ನಮ್ಮ ತಕರಾರು.

ಗಾಡಿಗಿಂತ ಅವಸರದ ಸಂಗತಿ ಇನ್ನೊಂದಿದೆ. ತೊಂಬತ್ತರ ದಶಕದ ಮದುವೆ, ನಾಮಕರಣ, ಗೃಹಪ್ರವೇಶಗಳು ನಮ್ಮ ಕಡೆ ವಿಡಿಯೊ ಕ್ಯಾಸೆಟ್ಟಿನಲ್ಲಿ ಉಳಿದಿವೆ. ಬೀರುವಿನ ಮೇಲಿನ ತಟ್ಟೆಯಲ್ಲಿ, ಸೀರೆ ಪೆಟ್ಟಿಗೆಯ ಪಕ್ಕ. ಅಜ್ಜಿ ನಡೆದಾಡುವುದು, ತಾತ ಕೆಮ್ಮುವುದು, ಸೋಬಾನೆ ಹೇಳಿದವರ ದನಿ ಅದರಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಫೋಟೊಗಳಲ್ಲಿ ಅವರೆಲ್ಲ ಸೆಟೆದು ನಿಂತವರು. ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ತಯಾರಿಕೆ ನಿಲ್ಲಿಸಿತು. ಮಳೆಗಾಲದ ಥಂಡಿಗೆ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಚನ್ನಗಿರಿ, ನ್ಯಾಮತಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಹೆಚ್ಚು, ಬಯಲಿನ ಜಗಳೂರಿನಲ್ಲಿ ಕಡಿಮೆ. ಬೂಷ್ಟು ಹಿಡಿದ ಟೇಪನ್ನು ಹಾಗೇ ಹಾಕಿದರೆ ಹೆಡ್ ಕೆಡುತ್ತದೆ, ಆಮೇಲೆ ಹಾಕುವ ಒಳ್ಳೆಯ ಟೇಪಿಗೂ ಅಂಟುತ್ತದೆ. ಮೊದಲು ಕ್ಯಾಸೆಟ್ ಬಿಚ್ಚಿ ಒಣಗಿಸಿ, ಮೆತ್ತನೆ ಬಟ್ಟೆಯಲ್ಲಿ ನಿಧಾನಕ್ಕೆ ಒರೆಸಬೇಕು. ಹೆಡ್ಡನ್ನು ಸ್ಪಿರಿಟ್ ಅದ್ದಿದ ಕಾಗದದಿಂದ ಅಡ್ಡಡ್ಡ ಮಾತ್ರ ಉಜ್ಜಬೇಕು, ಮೇಲೆ ಕೆಳಗೆ ಉಜ್ಜಿದರೆ ಕಿತ್ತು ಬರುತ್ತದೆ. ಇದು ನಮಗೆ ಗೊತ್ತಾದದ್ದು ಹಿಂದೆ ಟಿವಿ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಒಬ್ಬರಿಂದ. ಈಗ ಅವರು ಮೋಟರ್ ವೈಂಡಿಂಗ್ ಮಾಡುತ್ತಾರೆ. ಎರಡು ಕೆಟ್ಟ ವಿಸಿಆರ್ ಬಿಚ್ಚಿ ಒಂದು ಮಾಡಿ ಇಟ್ಟುಕೊಂಡಿದ್ದಾರೆ, ಯಾರಾದರೂ ಕ್ಯಾಸೆಟ್ ತಂದರೆ ಪೆನ್‌ಡ್ರೈವ್‌ಗೆ ಇಳಿಸಿಕೊಡುತ್ತಾರೆ. ‘ಬೆಲ್ಟ್ ಸಿಗಲ್ಲ ಸಾರ್, ಇದು ಹೋದ್ರೆ ಮುಗೀತು’ ಅಂದರು.

ಗಾಡಿ ಗುಜರಿಗೆ ಹೋಗುವಾಗ ಏನಾಗುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇವೆ. ಆರ್‌ಸಿ ಒಪ್ಪಿಸಿ ನೋಂದಣಿ ರದ್ದು ಮಾಡಿಸಬೇಕು. ಮಾಡಿಸದಿದ್ದರೆ ಇಲ್ಲದ ಗಾಡಿ ನಿಮ್ಮ ಹೆಸರಲ್ಲೇ ಉಳಿಯುತ್ತದೆ. ಒಪ್ಪಿಸಿದ ಬುಕ್ ಮನೆಗೆ ವಾಪಸ್ ಬರುವುದಿಲ್ಲ. ಕೊಡುವ ಮೊದಲು ಎಲ್ಲ ಪುಟಗಳನ್ನೂ ಝೆರಾಕ್ಸ್ ಮಾಡಿಸಿಡಿ. ಹಿಂದಿನ ಮಾಲೀಕರ ಹೆಸರು, ಸಾಲ ತೀರಿದ ಮುದ್ರೆ ಇರುವ ಪುಟಗಳನ್ನೂ ಬಿಡಬೇಡಿ. ಪಕ್ಕದ ಖಾಲಿ ಜಾಗದಲ್ಲಿ ಆ ವರ್ಷ ಮನೆಯಲ್ಲಿ ಯಾರು ಹುಟ್ಟಿದರು, ಗಾಡಿಗೆ ದುಡ್ಡು ಯಾರು ಕೊಟ್ಟರು ಅಂತ ಪೆನ್ನಿನಲ್ಲಿ ಬರೆದಿಡಿ, ಅವ್ವನನ್ನು ಕೇಳಿಕೊಂಡು.